ಔಡಲೆಣ್ಣೆಯೊಳಗಿನ ಸೂಜಿಗಳು

ಮೂಡಲಗಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಹಳೆಯ ಕಪಾಟಿದೆ. ಹೋದ ವಾರ ಅದರ ಬಾಗಿಲು ತೆಗೆದಾಗ ಕಮಟು ಹತ್ತಿದ ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಹಲಗೆಯೆಲ್ಲ ಎಣ್ಣೆ ಜಿನುಗಿ ಅಂಟಂಟಾಗಿತ್ತು. ಒಂದು ಮೊಳ ಅಗಲದ ತಗಡಿನ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಇಪ್ಪತ್ತೈದು ಸೂಜಿಗಳು... ಒಂದು ಮೂಲೆಯ ಬೆಸುಗೆ ಬಿಟ್ಟಿತ್ತು.

"ಮೇಡಂ, ಇದನ್ನ ಗುಜರಿಗೆ ಹಾಕೂಣೇನ್ರಿ?" ಎಂದು ಜವಾನ ಕೇಳಿದ. ಬೇಡ ಎಂದೆ. ಅಷ್ಟು ಜೋರಾಗಿ ಅನ್ನಬೇಕಾಗಿರಲಿಲ್ಲ. ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ. ಆ ವಾಸನೆ ಬಂದದ್ದೇ ತಡ, ನಾನು ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮ್ಯಾಗ್ನೆಟ್ ಕಾಕಾನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮೊಪೆಡ್ ಇಲ್ಲದ ಊರಿರಲಿಲ್ಲ. ಅದರ ಇಂಜಿನ್ನಿನೊಳಗೆ ತಿರುಗುವ ಗಾಲಿಯಲ್ಲಿ ಆಯಸ್ಕಾಂತವಿರುತ್ತಿತ್ತು. ನಾಲ್ಕಾರು ವರ್ಷ ಓಡಿದ ಮೇಲೆ ಅದು ಸೋಲುತ್ತಿತ್ತು, ಕಿಡಿ ಹಾರುತ್ತಿರಲಿಲ್ಲ. ಹೊಸದು ತರುವುದು ಎಲ್ಲರಿಗೂ ಆಗದ ಮಾತು. ಹಾಗಾಗಿ ಹಳೆಯ ಗಾಲಿಗೇ ಮತ್ತೆ ಕಾಂತಶಕ್ತಿ ತುಂಬಿಕೊಡುವವರು ಇರುತ್ತಿದ್ದರು. ನಮ್ಮ ಸುತ್ತಿನ ಮೂರು ತಾಲೂಕಿಗೆ ಆ ಕೆಲಸಕ್ಕೆ ಕಾಕಾ ಒಬ್ಬರೇ. ಅಂಗಡಿಗೆ ಹೆಸರಿರಲಿಲ್ಲ. "ಮ್ಯಾಗ್ನೆಟ್ ಚಾರ್ಜ್ ಮಾಡಿಕೊಡಲಾಗುವುದು" ಎಂಬ ತಗಡಿನ ಹಲಗೆಯಷ್ಟೇ ಇತ್ತು. ಒಳಗೆ ಸುಟ್ಟ ವಾರ್ನಿಶ್ ವಾಸನೆ. ಬಾಜೂ ಅಂಗಡಿಯಲ್ಲಿ ಕರದಂಟಿಗೆ ಅಂಟು ಹುರಿದರೆ ಎರಡೂ ವಾಸನೆ ಬೆರೆತು ಒಂದು ವಿಚಿತ್ರ ಹಸಿವಾಗುತ್ತಿತ್ತು.

ನಾನು ಮೊದಲ ಸಲ ಹೋದದ್ದು ಅಪ್ಪನ ಜೊತೆ, ಬಿಎಸ್ಸಿಗೆ ಸೇರಿದ ವರ್ಷ. ಅಪ್ಪ ನಾಗನೂರಿನಿಂದ ಗೋಕಾಕಕ್ಕೆ ಮೊಪೆಡ್ ಮೇಲೆ ಹಾಲು ಹಾಕುತ್ತಿದ್ದರು. ಕಾಕಾ ಗಾಲಿಯನ್ನು ದಪ್ಪ ತಾಮ್ರದ ಸುರುಳಿಯೊಳಗೆ ಇಟ್ಟು ಸ್ವಿಚ್ ಒತ್ತಿದರು. ಧಡ್ ಎಂದಿತು, ಓಣಿಯ ಬಲ್ಬೆಲ್ಲ ಒಮ್ಮೆ ಮಂಕಾದವು. ಅಪ್ಪ ಗಾಲಿಗೆ ಕೈ ಚಾಚುವಷ್ಟರಲ್ಲಿ ಕಾಕಾ ಮರದ ಕೊಡತಿ ತೆಗೆದುಕೊಂಡು ಅದೇ ಗಾಲಿಗೆ ಟಪಟಪ ಹೊಡೆಯತೊಡಗಿದರು.

"ಏನ್ ಮಾಡಾಕತ್ತೀರಿ ಮಾರಾಯ್ರ! ತುಂಬಿದ್ದೆಲ್ಲಾ ಉದುರತೈತಲ್ರಿ!" ಅಪ್ಪ ಕೂಗಿದರು.

"ಉದುರೂದು ಇಲ್ಲೇ ಉದುರ್ಲಿ ರಿ. ನಿಮ್ಮ ದಾರ್ಯಾಗ ಉದುರಬಾರದು," ಎಂದು ಕಾಕಾ ಇನ್ನೂ ನಾಲ್ಕು ಬಾರಿಸಿದರು.

ಅದು ಅವರ ಪದ್ಧತಿ. ತುಂಬುವುದು, ಹೊಡೆಯುವುದು, ಮೂರು ದಿನ ಮೂಲೆಯಲ್ಲಿ ಸುಮ್ಮನೆ ಇಡುವುದು. ಗಟ್ಟಿಯಾಗಿ ನಿಲ್ಲದ ಪಾಲು ಆ ಏಟುಗಳಿಗೆ, ಆ ಮೂರು ದಿನಕ್ಕೆ ಬಿದ್ದುಹೋಗುತ್ತದೆ. ಉಳಿದದ್ದು ವರ್ಷಗಟ್ಟಲೆ ಬೀಳುವುದಿಲ್ಲ. ಒಬ್ಬರಿಗೂ ಅವಸರದಲ್ಲಿ ಕೊಟ್ಟವರಲ್ಲ. ಗಾಲಿಗೆ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದರು. ಅದರ ಮೇಲೆ ಗಿರಾಕಿಯ ಹೆಸರಲ್ಲ, ಊರಿನ ಹೆಸರು. ದಿನಕ್ಕೊಂದರಂತೆ ಮೂರು ಗೆರೆ ಎಳೆದು, ನಾಲ್ಕನೆಯ ದಿನ ಪರೀಕ್ಷಿಸಿ, ಪಾಸಾದರೆ "ಆತು" ಎಂದು ಬರೆಯುತ್ತಿದ್ದರು. ಜನರನ್ನೂ ಊರಿನಿಂದಲೇ ಕರೆಯುತ್ತಿದ್ದರು. "ಏ ಅಂಕಲಗಿ, ಬರ್ರಿ ಒಳಗ", "ಬಾಗೇವಾಡಿ, ನಿಮ್ದು ನಾಳಿಗೆ". ನಾನು "ನಾಗನೂರ ತಂಗಿ" ಆದೆ. ಅವರು ನನ್ನ ಹೆಸರು ಕೇಳಲಿಲ್ಲ. ನಾನೂ ಅವರದನ್ನು ಕೇಳಲಿಲ್ಲ. ಊರಿಗೆಲ್ಲ ಕಾಕಾ ಎಂದ ಮೇಲೆ ಹೆಸರು ಯಾಕೆ ಬೇಕು ಅನ್ನಿಸಿತ್ತು.

ಕಾಕಾನದು ಜೈನರ ಮನೆತನ, ಮನೆಯಲ್ಲಿ ಮರಾಠಿ ಮಾತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ಮುಳುಗಿದ ಮೇಲೆ ಒಂದು ಅಗುಳೂ ಇಲ್ಲ. ಬಿಸಿಲು ಎದುರಿನ ಗೋಡೆಯ ಅರ್ಧಕ್ಕೆ ಏರಿತೆಂದರೆ ಮಂತ್ರಿ ಬಂದರೂ ಬಾಗಿಲು ಹಾಕಿ ನಡೆದುಬಿಡುತ್ತಿದ್ದರು.

ಆ ಅಂಗಡಿಯಲ್ಲಿ ನಿಂತೂ ನಿಂತೂ ನನಗೆ ಆಯಸ್ಕಾಂತದ ಹುಚ್ಚು ಹಿಡಿಯಿತು. ಎಂಎಸ್ಸಿ ಮುಗಿಸಿ ಧಾರವಾಡದಲ್ಲಿ ಸಂಶೋಧನೆಗೆ ಸೇರಿದಾಗ ಆರಿಸಿಕೊಂಡದ್ದೂ ಅದೇ ವಿಷಯ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತಕಣವೊಂದನ್ನು ಊಹಿಸಿಕೊಳ್ಳಿ. ಅದರ ಕಾಂತತ್ವವನ್ನು ಒಂದು ಬಾಣ ಎಂದುಕೊಳ್ಳಿ. ಹೊರಗಿನ ಆಯಸ್ಕಾಂತ ಆ ಬಾಣವನ್ನು ತನ್ನ ಕಡೆಗೆ ಕರೆಯುತ್ತದೆ. ಬಾಣ ನೇರ ಬರುವುದಿಲ್ಲ. ಬುಗುರಿಯ ಹಾಗೆ ಗಿರಕಿ ಹೊಡೆಯುತ್ತ, ಘರ್ಷಣೆಯಿಂದ ಸೋತು ಸೋತು ಒಲಿಯುತ್ತದೆ. ಅಷ್ಟರಲ್ಲಿ ಶಾಖ ಸುಮ್ಮನಿರುತ್ತದೆಯೇ? ಅದು ಎಲ್ಲ ಕಡೆಯಿಂದ ಗೊತ್ತುಗುರಿಯಿಲ್ಲದೆ ದೂಡುತ್ತಲೇ ಇರುತ್ತದೆ. ಎಳೆತ, ಘರ್ಷಣೆ, ದೂಡಾಟ ಮೂರನ್ನೂ ಒಂದು ಸಮೀಕರಣದಲ್ಲಿ ಕೂಡಿಸಿ, ಇಂಥ ಸಾವಿರ ಬಾಣಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ.

ಆ ಲೆಕ್ಕ ತಪ್ಪಾಗಿ ಬರುತ್ತಿತ್ತು. ಇಷ್ಟು ಶಾಖಕ್ಕೆ ಬಾಣಗಳು ಸರಾಸರಿ ಆಯಸ್ಕಾಂತದ ಕಡೆಗೆ ಇಷ್ಟು ವಾಲಿರಬೇಕು ಎಂದು ಎಲ್ಲರೂ ಒಪ್ಪಿದ ಹಳೆಯ ಉತ್ತರವೊಂದಿದೆ. ನನ್ನ ಉತ್ತರ ಮೊದಮೊದಲು ಅದರ ಹತ್ತಿರ ಬಂದು, ಆಮೇಲೆ ಮೇಲೆ ಮೇಲೆ ಏರಿಬಿಡುತ್ತಿತ್ತು. ಹೆಚ್ಚು ಹೊತ್ತು ಓಡಿಸಿದಷ್ಟೂ ಹೆಚ್ಚು ತಪ್ಪು. ಎರಡು ವರ್ಷ ಇದೇ ಹಾಡು. ಶಿಷ್ಯವೇತನ ಮುಗಿದು, ಮೂಡಲಗಿಗೆ ಬಂದು ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ್ದೆ. ವಿಶ್ವವಿದ್ಯಾಲಯದಿಂದ ಪತ್ರ ಬಂತು: ಮಾರ್ಚ್ ಕೊನೆಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಆಗ ಫೆಬ್ರುವರಿ ಮುಗಿಯುತ್ತ ಬಂದಿತ್ತು.

ನನ್ನ ಮಾರ್ಗದರ್ಶಕರು ಕೆಟ್ಟವರಲ್ಲ, ದಣಿದವರು. "ನಿನ್ನ ಉತ್ತರಕ್ಕ ಒಂದು ಗುಣಕ ಹಚ್ಚಿ ಹಳೇದರ ಜೋಡಿ ಕೂಡಿಸಿಬಿಡವಾ. ಗೆರಿ ಗೆರಿ ಮ್ಯಾಲ ಕುಂದರ್ತದ. ಯಾರ್ ಕೇಳ್ತಾರ?" ಎಂದರು. ಯಾರೂ ಕೇಳುತ್ತಿರಲಿಲ್ಲ, ಖರೆ. ಆದರೆ ನನಗೆ ಗೊತ್ತಿರುತ್ತಿತ್ತಲ್ಲ! ಸಾಲೆಯ ಮುಖ ಕಾಣದ ಮನೆತನದಿಂದ ಬಂದವಳು ನಾನು. ನಮ್ಮ ಮನೆಯ ಮೊದಲ ಪುಸ್ತಕವೇ ಸುಳ್ಳಿನದಾದರೆ ಹೇಗೆ? ಹಚ್ಚುವುದಿಲ್ಲ ಎಂದೆ. ಪದವಿ ಹೋದರೂ ಹೋಗಲಿ, ತಪ್ಪು ಎಲ್ಲಿದೆ ಎಂದು ಹುಡುಕಿಯೇ ಬಿಡುತ್ತೇನೆ ಎಂದು ಹಟ ಹಿಡಿದು ಕುಳಿತೆ. ಹಟಕ್ಕೇನು, ಉತ್ತರ ಸಿಗಬೇಕಲ್ಲ.

ಅದೇ ವಾರ ಅಪ್ಪನ ಮೊಪೆಡ್ ಮತ್ತೆ ಕೈಕೊಟ್ಟಿತು. ಗಾಲಿ ಬಿಚ್ಚಿಸಿ ಚೀಲದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಹೋದೆ. ಸಂಜೆ ನಾಲ್ಕೂವರೆ ದಾಟಿತ್ತು. ಕಾಕಾ ನನ್ನ ಮುಖ ನೋಡಿ, "ಏನ್ ತಂಗಿ, ಗಾಲಿಕಿಂತ ನೀನ ಸೋತ ಕಾಣಸಾಕತ್ತೀಯಲ್ಲ?" ಎಂದರು. ಯಾಕೋ ಅಳು ಬಂತು. ಮೆಟ್ಟಿಲ ಮೇಲೆ ಕುಳಿತು ಎಲ್ಲ ಹೇಳಿದೆ: ಬಾಣ, ಎಳೆತ, ದೂಡಾಟ, ಮಾರ್ಚ್. ದೂಡುತ್ತ ಹೋದಷ್ಟೂ ನನ್ನ ಆಯಸ್ಕಾಂತಗಳ ಶಕ್ತಿ ಹೆಚ್ಚಾಗುತ್ತಿದೆ ಕಾಕಾ, ಅದೇ ತಪ್ಪು ಅಂದೆ.

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊಡದಷ್ಟು ಜಾಸ್ತಿ ಆಗೂ ಮ್ಯಾಗ್ನೆಟ್ ಐತೇನ ತಂಗಿ? ಹಂಗಿದ್ರ ನಾ ಈ ಸುರಳಿ, ಈ ಸ್ವಿಚ್ ಎಲ್ಲಾ ಯಾಕ ಇಟಗೊಂಡ ಕೂಡ್ತಿದ್ದೆ? ಕೊಡತಿ ಒಂದ ಸಾಕಿತ್ತಲ್ಲ!"

ನನಗೆ ಸಿಟ್ಟು ಬಂತು, ನಗುವೂ ಬಂತು. ಅವರು ಎದ್ದುಹೋಗಿ ಅಟ್ಟದ ಮೇಲಿಂದ ಈ ಪೆಟ್ಟಿಗೆ ಇಳಿಸಿದರು. ಗಾಲಿಗೆ ಯಾಕೆ ಹೊಡೆಯುತ್ತೀರಿ ಎಂದು ಜಗಳಕ್ಕೆ ಬರುವ ಗಿರಾಕಿಗಳಿಗೆ ತೋರಿಸಲೆಂದೇ ಮಾಡಿದ್ದು. ತಳದಲ್ಲಿ ಸಾಲಾಗಿ ಇಪ್ಪತ್ತೈದು ಮೊಳೆ. ಪ್ರತಿ ಮೊಳೆಯ ತುದಿಯಲ್ಲಿ ರವಿಕೆಯ ಟಿಚ್ ಬಟನ್ನಿನ ಅರ್ಧ. ಅದಕ್ಕೆ ಅಂಟಿಸಿದ, ಸೂಜಿಯ ಹಾಗೆ ಸಣ್ಣಗೆ ಕತ್ತರಿಸಿ ಕಾಂತಶಕ್ತಿ ತುಂಬಿದ ಬ್ಲೇಡಿನ ಚೂರು. ಎಲ್ಲ ಔಡಲೆಣ್ಣೆಯಲ್ಲಿ ಮುಳುಗಿದ್ದವು. ಪ್ರತಿ ಮೊಳೆಯ ಸುತ್ತ, ಸೂಜಿಯ ತುದಿಗೆ ಸರಿಯಾಗಿ, ತಳದ ಮೇಲೆ ಕೆಂಪು ಬಣ್ಣದ ಒಂದು ವರ್ತುಲ.

ಪೆಟ್ಟಿಗೆಯ ಬಾಜೂಕ್ಕೆ ಕೊಡತಿಯಿಂದ ಒಂದು ಬಾರಿಸಿದರು. ಸೂಜಿಗಳೆಲ್ಲ ಕಕ್ಕಾಬಿಕ್ಕಿಯಾಗಿ ತಿರುಗಿ, ಎಣ್ಣೆಯೊಳಗೆ ನಿಧಾನ ನಿಂತವು. ನೀರಿದ್ದರೆ ನಿಲ್ಲಲು ಬಹಳ ಹೊತ್ತು ಬೇಕು, ಅದಕ್ಕೆ ಎಣ್ಣೆ ಎಂದರು. ನನ್ನ ಲೆಕ್ಕದಲ್ಲಿ ಹಿಡಿದು ನಿಲ್ಲಿಸುವುದೂ ದೂಡುವುದೂ ಒಂದೇ, ಎಣ್ಣೆಯೇ ತನ್ನ ಶಾಖದಿಂದ ದೂಡುತ್ತದೆ ಎಂದೆ. ಕಾಕಾನಿಗೆ ಅದು ಅಗದೀ ಹಿಡಿಸಿತು. "ನಿಲ್ಲಸಾಂವನೂ ಅವನ, ದೂಡಾಂವನೂ ಅವನ... ಭಾಳ ಚಲೋ ಐತಲ್ಲ ನಿನ್ನ ಲೆಕ್ಕ!" ಎಂದು ತಲೆದೂಗಿದರು.

ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ಹೇಳಿದರು. "ಹೊಡದ್ರ ಶಕ್ತಿ ಹೋಗತೈತಿ ಅಂತಾರ ಜನಾ. ಎಲ್ಲಿಗ್ ಹೋಗತೈತಿ? ಒಂದೊಂದು ಕಣದ ಶಕ್ತಿ ಇದ್ದಷ್ಟ ಇರತೈತಿ. ಮುಖಾ ತಿರಗಸ್ತೈತಿ ಅಷ್ಟ. ನೀ ಏನ್ ಬೇಕಾದ್ದ್ ಮಾಡು, ಸೂಜಿ ಈ ಕೆಂಪ ಗೆರಿ ದಾಟೂದಿಲ್ಲ."

ನಾನು ಆ ಗೆರೆಯನ್ನೇ ನೋಡುತ್ತ ಕುಳಿತುಬಿಟ್ಟೆ. ನನ್ನ ಬಾಣಗಳ ತುದಿ ಗೆರೆಯ ಮೇಲೆ ಇದೆಯೇ? ನಾನು ನೋಡಿಯೇ ಇರಲಿಲ್ಲ! ಎರಡು ವರ್ಷ ಬಾಣ ಆಯಸ್ಕಾಂತದ ಕಡೆಗೆ ಎಷ್ಟು ವಾಲಿದೆ ಎಂದಷ್ಟೇ ಅಳೆದಿದ್ದೆ. ಬಾಣದ ಉದ್ದವನ್ನು ಒಮ್ಮೆಯೂ ಅಳೆದಿರಲಿಲ್ಲ. ಉದ್ದ ಬದಲಾಗುವುದಿಲ್ಲ ಎಂದು ಮೊದಲ ಪುಟದಲ್ಲಿ ನಾನೇ ಬರೆದಿದ್ದೆನಲ್ಲ, ಅದಕ್ಕೇ ಅಳೆದಿರಲಿಲ್ಲ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತಾಗಿತ್ತು.

ಕಾಕಾನ ಸುಣ್ಣದ ಕಡ್ಡಿ ಇಸಿದುಕೊಂಡು ನೆಲದ ಮೇಲೆ ವರ್ತುಲ ಬರೆದೆ. ಬಾಣ ಇದ್ದ ಜಾಗದಿಂದ ದೂಡಿದ ದಿಕ್ಕಿಗೆ ನೇರ ಗೆರೆ ಎಳೆದೆ. ಗೆರೆಯ ತುದಿ ವರ್ತುಲದ ಹೊರಗೆ ಕೂದಲೆಳೆಯಷ್ಟು ಹೋಗಿತ್ತು. ಅಲ್ಲಿಂದ ಇನ್ನೊಂದು ದೂಡು, ಇನ್ನೊಂದು ಕೂದಲೆಳೆ. ಗಾಣದ ಎತ್ತು ಪ್ರತಿ ಹೆಜ್ಜೆಯನ್ನೂ ನೇರವೇ ಇಡುತ್ತದೆ, ಆದರೆ ನೊಗ ಅದನ್ನು ಸುತ್ತಿನೊಳಕ್ಕೆ ಎಳೆದುಕೊಳ್ಳುತ್ತದೆ. ನನ್ನ ಎತ್ತುಗಳಿಗೆ ನೊಗವೇ ಇರಲಿಲ್ಲ, ಹೊಲ ದಾಟಿ ಹೋಗುತ್ತಿದ್ದವು. ಬಾಣ ಇದ್ದ ಜಾಗವೊಂದನ್ನೇ ನೋಡಿ ದೂಡಬಾರದು. ಅದು ತಲುಪುವ ಜಾಗವನ್ನೂ ಲೆಕ್ಕಕ್ಕೆ ಹಿಡಿದು, ಎರಡರ ನಡುವಿನಿಂದ ದೂಡಬೇಕು. ಆಗ ತುದಿ ಗೆರೆ ಬಿಡುವುದಿಲ್ಲ. ಹಾಗೆ ಮಾಡಬೇಕೆಂದು ಪುಸ್ತಕಗಳಲ್ಲೂ ಇತ್ತು. ಯಾವ ಜಾಗದಿಂದ ದೂಡಬೇಕೆಂಬುದು ಜಾಣರ ಜಗಳ, ನನಗೇಕೆ ಎಂದು ಪುಟ ಮಗುಚಿದ್ದೆ.

ಕಾಕಾ ಬಿಡಲಿಲ್ಲ. "ಮತ್ತೊಮ್ಮೆ ಹೇಳು. ಇಲ್ಲಿಂದ ಇಲ್ಲಿಗೆ ಹೆಂಗ ಬಂತು?" ಎಂದು ಕೇಳುತ್ತಲೇ ಹೋದರು. ಕುಕ್ಕರಗಾಲಲ್ಲಿ ಕುಳಿತು ತಾವೂ ವರ್ತುಲ ಬರೆದರು. ನೆಲವೆಲ್ಲ ಬಿಳಿ ಗೆರೆ. ನಾನು ತಲೆಯೆತ್ತಿದಾಗ ಎದುರಿನ ಗೋಡೆಯ ಮೇಲೆ ಬಿಸಿಲಿರಲಿಲ್ಲ.

"ಕಾಕಾ, ನಿಮ್ಮ ಊಟ!" ಎಂದೆ.

ಅವರೂ ಗೋಡೆ ನೋಡಿದರು. "ಹೋಗ್ಲಿ ಬಿಡು. ನಾಳಿ ಹೊತ್ತ ಹುಟ್ಟತೈತಲ್ಲ," ಎಂದು ಕೈ ಝಾಡಿಸಿ ಎದ್ದರು. ನನ್ನ ನೆಲದ ಲೆಕ್ಕಕ್ಕಾಗಿ ಅವರು ಅಂದು ಉಪವಾಸ ಮಲಗಿದರು.

ಆ ಮಾರ್ಚ್ ತಿಂಗಳನ್ನು ನಾನು ಮರೆಯುವುದಿಲ್ಲ. ಕಾಲೇಜಿನ ಒಂದೇ ಒಂದು ಕಂಪ್ಯೂಟರು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಲೆಕ್ಕ. ಎರಡು ವರ್ಷದ ಫಲಿತಾಂಶವನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಮೊದಲಿಂದ ಶುರು ಮಾಡಿದೆ. ಎಂಟನೆಯ ದಿನ ನನ್ನ ಉತ್ತರ ಹಳೆಯ ಉತ್ತರದ ಮೇಲೆ ಬಂದು ಕುಳಿತಿತು. ಯಾವ ಗುಣಕವೂ ಇಲ್ಲದೆ! ಕುಣಿಯಬೇಕೆನ್ನಿಸಿತು. ಆದರೆ ಯಾರಿಗೂ ಹೇಳಲಿಲ್ಲ. ಇದ್ದದ್ದೇ ಕಡಿಮೆ ದಿನ, ಅದರಲ್ಲೂ ಮೂರು ದಿನ ಕೊಡತಿ ಹಿಡಿದು ನಿಂತೆ. ಹೆಜ್ಜೆಯ ಅಳತೆ ಬದಲಿಸಿದೆ, ಶಾಖ ಏರಿಸಿದೆ, ಬಾಣಗಳನ್ನು ತಲೆಕೆಳಗು ನಿಲ್ಲಿಸಿ ಶುರು ಮಾಡಿದೆ. ಉದುರುವುದು ಇಲ್ಲೇ ಉದುರಲಿ ಎಂದುಕೊಂಡೆ. ಏನೂ ಉದುರಲಿಲ್ಲ. ನಾಲ್ಕನೆಯ ದಿನ ಮಾರ್ಗದರ್ಶಕರಿಗೆ ಫೋನು ಮಾಡಿದೆ.

ಪ್ರಬಂಧದ ಟೈಪಿಂಗ್ ಮಾಡಿಸಿದ್ದು ಹುಕ್ಕೇರಿಯ ಒಂದು ಅಂಗಡಿಯಲ್ಲಿ. ಇಂಗ್ಲಿಷಿನಲ್ಲಿ ಸಮೀಕರಣ ಹೊಡೆಯಲು ಬರುತ್ತಿದ್ದವರು ಅಲ್ಲೊಬ್ಬರಿದ್ದರು. ಸಲ್ಲಿಸುವ ಹಿಂದಿನ ದಿನದ ಸಂಜೆ ಕೃತಜ್ಞತೆಯ ಪುಟ ಬಂತು. ಮಾರ್ಗದರ್ಶಕರು, ವಿಭಾಗ, ಅಪ್ಪ, ಅವ್ವ... ಕಡೆಗೆ ಗೋಕಾಕದ ಒಬ್ಬ ಹಿರಿಯರು ಎಂದು ಹೇಳಿದೆ. "ಹೆಸರ ಹೇಳ್ರಿ," ಎಂದ ಟೈಪ್ ಮಾಡುವಾತ. ಹತ್ತು ವರ್ಷ ಹೋಗಿ ಬಂದ ಅಂಗಡಿ, ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಕಾಕಾನ ಅಂಗಡಿಗೆ ಫೋನಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೋಗಬೇಕು. "ಮ್ಯಾಗ್ನೆಟ್ ಕಾಕಾ ಅಂತ ಹಾಕಲ್ಯಾ?" ಎಂದು ಆತ ನಕ್ಕ. ಇಂಗ್ಲಿಷಿನ ಪುಟದಲ್ಲಿ ಅದನ್ನು ಕಂಡರೆ ಪರೀಕ್ಷಕರೂ ಹೀಗೇ ನಗುತ್ತಾರೆ ಅನ್ನಿಸಿತು. ಬಿಟ್ಟುಬಿಡಿ ಎಂದೆ. ಒಂದು ಗುಣಕ ಹಚ್ಚಲೊಲ್ಲೆನೆಂದು ಅಷ್ಟು ಹಾರಾಡಿದವಳು, ಒಂದು ಸಾಲು ಬಿಡುವಾಗ ಎರಡು ನಿಮಿಷವೂ ಯೋಚಿಸಲಿಲ್ಲ.

ಪದವಿ ಬಂತು. ಒಂದು ಪ್ರತಿ ಹಿಡಿದುಕೊಂಡು ಕಾಕಾನ ಬಳಿ ಹೋದೆ. ಅವರು ಕೈ ತೊಳೆದು ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸಣ್ಣ ಮಕ್ಕಳ ಹಾಗೆ ನಾಚಿಕೊಂಡು ಕೇಳಿದರು, "ತಂಗಿ, ಇದರಾಗ ನನ್ನ ಹೆಸರ ಎಲ್ಲ್ಯರ ಐತೇನ?"

ಇಲ್ಲ ಎನ್ನಬೇಕಿತ್ತು. ಹೆಸರೇ ಗೊತ್ತಿರಲಿಲ್ಲ ಕಾಕಾ, ತಪ್ಪಾಯಿತು ಎನ್ನಬೇಕಿತ್ತು. ನಾನು ಕೃತಜ್ಞತೆಯ ಪುಟ ತೆಗೆದು, ನನ್ನ ಮಾರ್ಗದರ್ಶಕರ ಹೆಸರಿನ ಮೇಲೆ ಬೆರಳಿಟ್ಟು, "ಹೂಂ ಕಾಕಾ, ಇಲ್ಲೈತಿ ನೋಡ್ರಿ," ಎಂದೆ.

ಅವರು ಆ ಅಕ್ಷರಗಳ ಕೆಳಗೆ ಬೆರಳು ಹಾಯಿಸಿದರು. ಬಹಳ ಹೊತ್ತು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತೋ ಇಲ್ಲವೋ ಇಂದಿಗೂ ನನಗೆ ತಿಳಿಯದು... "ಪುಸ್ತಕ ಇಲ್ಲೇ ಇರ್ಲಿ. ಮೂರ ದಿನಾ ಬಿಟ್ಟ ಬಾ," ಎಂದರು.

ನಾಲ್ಕನೆಯ ದಿನ ಹೋದಾಗ ಪೆಟ್ಟಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ ಸಿದ್ಧ ಮಾಡಿ ಇಟ್ಟಿದ್ದರು. "ಪುಸ್ತಕ ನನಗಾತು, ಪೆಟಗಿ ನಿನಗಾತು. ವರ್ಷಕ್ಕೊಮ್ಮೆ ಎಣ್ಣಿ ಬದಲಸು. ಪಿಚಕಾರ್ಯಾಗ ಮ್ಯಾಲಿಂದನ ತಗಿ, ಬೋರಲ ಹಾಕಬ್ಯಾಡ, ಸೂಜಿ ಉದುರತಾವ," ಎಂದು ಹತ್ತು ಸಲ ಹೇಳಿದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮೂಡಲಗಿಗೆ ಬಂದೆ.

ಮೊಪೆಡ್ಡುಗಳು ಕಡಿಮೆಯಾದವು, ನಾನು ಗೋಕಾಕಕ್ಕೆ ಹೋಗುವುದೂ ಕಡಿಮೆಯಾಯಿತು. ಸುಳ್ಳು ಹೇಳಿದ ಕಡೆಗೆ ಕಾಲು ಬೇಗ ಏಳುವುದಿಲ್ಲ. ಕೆಲವು ವರ್ಷಗಳ ಮೇಲೆ ಒಂದು ದಿನ ಧೈರ್ಯ ಮಾಡಿ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಕರದಂಟಿನ ಅಂಗಡಿಯವರು, "ಕಾಕಾ ಹೋಗಿ ಇಪ್ಪತ್ತ ದಿನಾ ಆತಲ್ರಿ. ಪೇಪರಿನ್ಯಾಗ ಬಂದಿತ್ತು, ನೋಡಲಿಲ್ಲೇನ್ರಿ?" ಎಂದರು. ಕಾಲೇಜಿಗೆ ಬಂದು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಟೊಪ್ಪಿಗೆ ಹಾಕಿದ ಹರೆಯದ ಫೋಟೋ, ಕೆಳಗೆ ಗೋಕಾಕದ ವಿಳಾಸ, ನಾನು ಎಂದೂ ಕೇಳಿರದ ಒಂದು ಹೆಸರು. ಅದೇ ಪುಟದ ಪದಬಂಧವನ್ನು ನಾನೇ ತುಂಬಿದ್ದೆ. ನನ್ನ ಕೈಯಿಂದ ನಾಲ್ಕು ಬೆರಳು ದೂರದಲ್ಲಿ ಅವರು ಸತ್ತುಹೋಗಿದ್ದರು, ನನಗೆ ಗುರುತು ಹತ್ತಿರಲಿಲ್ಲ. ಆ ದಿನ ಅತ್ತ ಹಾಗೆ ನಾನು ಮತ್ತೆ ಅತ್ತಿಲ್ಲ.

ಹೋದ ವಾರ ಬೆಸುಗೆ ಹಾಕಿಸಬೇಕೆಂದು ಎಣ್ಣೆಯೆಲ್ಲ ತೆಗೆದು, ಸೂಜಿಗಳನ್ನು ಒಂದೊಂದಾಗಿ ಬಿಡಿಸಿಟ್ಟು, ಮೊದಲ ಸಲ ಪೆಟ್ಟಿಗೆಯನ್ನು ಬೋರಲು ಹಾಕಿದೆ. ತಳಕ್ಕೆ ಒಂದು ರಟ್ಟಿನ ಚೀಟಿ ಅಂಟಿತ್ತು. ಎಣ್ಣೆ ಕುಡಿದು ಕಂದಾಗಿದ್ದರೂ ಅಕ್ಷರ ಅಳಿಸಿರಲಿಲ್ಲ. "ನಾಗನೂರ". ಅದರ ಕೆಳಗೆ ಮೂರು ಗೆರೆ. ಗೆರೆಗಳ ಮುಂದೆ, "ಆತು".

ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ, ಇಬ್ಬರೂ ಸಮ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಅವರು ಇನ್ನೊಬ್ಬರ ಹೆಸರು ತೋರಿಸಿ ಇದು ನಿನ್ನದೇ ಎಂದಿರಲಿಲ್ಲ. ಮೂರು ದಿನ ಆ ಪುಸ್ತಕ ಅವರ ಬಳಿಯಿತ್ತು. ಆ ಪುಟವನ್ನು ಓದಿ ಹೇಳಬಲ್ಲವರು ಅವರ ಓಣಿಯಲ್ಲೇ ಹತ್ತು ಜನರಿದ್ದರು. ಓದಿಸಿದ್ದರೇ? ಓದಿಸಿ, ಗೊತ್ತಾಗಿ, ಆಮೇಲೂ "ಆತು" ಎಂದು ಬರೆದರೇ? ಕೇಳಲು ಅವರಿಲ್ಲ.

ಪೆಟ್ಟಿಗೆಗೆ ಬೆಸುಗೆ ಹಾಕಿಸಿದ್ದೇನೆ, ಹೊಸ ಎಣ್ಣೆ ತಂದಿದ್ದೇನೆ. ಬರುವ ವಾರ ಧಾರವಾಡಕ್ಕೆ ಹೋಗಿ, ಗ್ರಂಥಾಲಯದಲ್ಲಿರುವ ನನ್ನ ಪ್ರಬಂಧದ ಕೃತಜ್ಞತೆಯ ಪುಟಕ್ಕೆ ಅವರ ಹೆಸರಿನ ಚೀಟಿ ಅಂಟಿಸಿ ಬರುತ್ತೇನೆ. ಬೈದರೆ ಬೈಯಲಿ. ಇಲ್ಲಿ ಆ ಹೆಸರು ಬರೆದರೆ ಉಪಯೋಗವಿಲ್ಲ. ಅವರ ಗುರುತಿದ್ದವರಿಗೆಲ್ಲ ಅವರು ಮ್ಯಾಗ್ನೆಟ್ ಕಾಕಾ.

ಬೆಸುಗೆಗೆ ಮುಂಚೆ ಬಿಡಿಸಿಟ್ಟ ರಟ್ಟಿನ ಚೀಟಿಯ ಹಿಂಬದಿ ಖಾಲಿ ಇತ್ತು. ಅಲ್ಲಿ ಅವರ ಪೂರ್ತಿ ಹೆಸರು ಬರೆದೆ, ಕೆಳಗೆ ಗೋಕಾಕ ಎಂದೂ ಬರೆದೆ. ಮೂರು ಗೆರೆ ಎಳೆದೆ. ಅವುಗಳ ಮುಂದೆ "ಆತು" ಎಂದು ಬರೆಯಲು ಮಾತ್ರ ಕೈ ಬರಲಿಲ್ಲ.